ಬೋಲ್ಟ್ ಸವೆದರೆ ಗೇರ್‌ಬಾಕ್ಸ್ ಬದಲಿಸಬೇಕೇ?

ಮಾನ್ಯ ಸಂಪಾದಕರೇ,

ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಹೊಡೆಯುವ ಕೆಲಸ ಈಗ ಬಹುಮಟ್ಟಿಗೆ ಬ್ರಷ್ ಕಟ್ಟರ್‌ಗಳ ಪಾಲಾಗಿದೆ. ಸಹಾಯಧನದಲ್ಲಿ ಯಂತ್ರ ಸಿಗುತ್ತದೆ, ಓಡಿಸುವ ತರಬೇತಿಯೂ ಸಿಗುತ್ತದೆ. ಆದರೆ ತಲೆ ಸವೆದು ಕೀಗೆ ಸಿಕ್ಕದ ಒಂದು ಬೋಲ್ಟಿನ ದೆಸೆಯಿಂದ ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ರಿಪೇರಿ ಅಂಗಡಿಯವರು ಹೇಳಿದಾಗ, ಅದು ಅನಗತ್ಯ ಖರ್ಚೆಂದು ವಾದಿಸುವಷ್ಟು ತಿಳಿವಳಿಕೆ ರೈತರಿಗೆ ಸಿಕ್ಕಿರುವುದಿಲ್ಲ.

ಬೋಲ್ಟಿನ ತಲೆ ಹಾಳಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ನಕ್ಷತ್ರಾಕಾರದ ಟಿ-27 ಅಳತೆಯ ಕುಳಿಗೆ ಆರು ಮೂಲೆಯ ಎಲೆನ್ ಕೀ ತುರುಕುತ್ತೇವೆ. ಬ್ಲೇಡಿನ ನಟ್ ಸಾಮಾನ್ಯವಾಗಿ ಉಲ್ಟಾ ಥ್ರೆಡ್ಡಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಅದು ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪು ತೊಡಿಸಿ ಇನ್ನಷ್ಟು ಬಿಗಿ ಮಾಡುತ್ತೇವೆ. ಲಾನ್ ಮೋವರ್‌ಗಳಲ್ಲಿ, ಅದರಲ್ಲೂ ಅಮೆರಿಕ ಮೂಲದ ಎಂಜಿನ್ ಇರುವವುಗಳಲ್ಲಿ, ಇಂಚಿನ ಅಳತೆಯ ಬೋಲ್ಟುಗಳಿರುತ್ತವೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಅದಕ್ಕೆ 13ರ ರಿಂಗ್ ಸ್ಪ್ಯಾನರ್ ಹಾಕಿದರೆ ಬಿಗಿಯಾಗಿ ಕೂತ ಬೋಲ್ಟಿನ ಮೂಲೆಗಳು ಉಜ್ಜಿಹೋಗಲು ಆ ಸಣ್ಣ ಸಡಿಲವೇ ಸಾಕು.

ಸವೆದ ಬೋಲ್ಟನ್ನು ತೆಗೆಯಲು ತೋಳ್ಬಲಕ್ಕಿಂತ ತಾಳ್ಮೆ ಬೇಕು. ಎಂಜಿನ್ ಅಕಸ್ಮಾತ್ ಚಾಲೂ ಆಗದಂತೆ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಬೇಕು. ಬೋಲ್ಟಿನ ಕುಳಿಯಲ್ಲಿ ಹುಲ್ಲಿನ ರಸ ಮತ್ತು ಮಣ್ಣು ಗಟ್ಟಿಯಾಗಿ ಕೂತಿರುವುದರಿಂದ ಕೀ ಅರ್ಧಕ್ಕೇ ನಿಂತಿರುತ್ತದೆ. ದಬ್ಬಳದಿಂದ ಅದನ್ನು ಕೆದಕಿ ತೆಗೆದರೆ ಎಷ್ಟೋ ಬಾರಿ ಅದೇ ಕೀ ಹಿಡಿದುಕೊಳ್ಳುವುದುಂಟು. ಹಿಡಿಯದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ತಲೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ಬಡಿಯಬೇಕು. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ, ಅಲ್ಯೂಮಿನಿಯಂ ಗೇರ್‌ಬಾಕ್ಸಿನಲ್ಲಿ ಕಚ್ಚಿಕೊಂಡ ಉಕ್ಕಿನ ಬೋಲ್ಟು ಬಿಸಿಗೆ ಸಡಿಲಾಗುತ್ತದೆ. ಆದರೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಡದೆ ಈ ಕೆಲಸಕ್ಕೆ ಕೈಹಾಕಬಾರದು. ಕೆಲವು ಯಂತ್ರಗಳ ಎಂಜಿನ್ ಕವಚ ಬೆಂಕಿ ಹೊತ್ತಿಕೊಳ್ಳಬಲ್ಲ ಮೆಗ್ನೀಸಿಯಂ ಮಿಶ್ರಲೋಹದ್ದಾಗಿರುವುದರಿಂದ ಬೆಂಕಿಯ ಜ್ವಾಲೆಗಿಂತ ಬಿಸಿಗಾಳಿಯ ಗನ್ ಮೇಲು.

ಇಷ್ಟಕ್ಕೂ ಜಗ್ಗದಿದ್ದರೆ, ತಲೆ ಹೊರಗೆ ಚಾಚಿಕೊಂಡಿರುವ ಬೋಲ್ಟನ್ನು ವೈಸ್ ಗ್ರಿಪ್‌ನಿಂದ (ಕಚ್ಚಿ ಲಾಕ್ ಆಗುವ ಇಕ್ಕಳ) ಹಿಡಿದು ತಿರುಗಿಸಬಹುದು, ಅಥವಾ ಹ್ಯಾಕ್ಸಾದಿಂದ ಗೆರೆ ಕೊಯ್ದು ದಪ್ಪ ಸ್ಕ್ರೂಡ್ರೈವರ್ ಹಾಕಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಸವೆದ ತಲೆಯ ಮೇಲೊಂದು ನಟ್ ಬೆಸೆಸಿದರೆ ಹಿಡಿಯಲು ಹೊಸ ತಲೆಯೂ ಸಿಗುತ್ತದೆ, ಬೆಸುಗೆಯ ಕಾವಿಗೆ ತುಕ್ಕೂ ಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಖಚಿತವಾದ ಉಪಾಯವಿಲ್ಲ. ಬೋಲ್ಟಿಗೆ ರಂಧ್ರ ಕೊರೆದು ಈಜಿ ಔಟ್ (ರಂಧ್ರದೊಳಗೆ ಕಚ್ಚಿಕೊಂಡು ಬೋಲ್ಟನ್ನು ಬಿಚ್ಚುವ ಗಡಸು ಉಕ್ಕಿನ ಸಾಧನ) ಹಾಕುವುದು ಕೊನೆಯ ದಾರಿ. ಅದು ಒಳಗೇ ಮುರಿದರೆ ಮಾಮೂಲಿ ಡ್ರಿಲ್-ಬಿಟ್ ಅದನ್ನು ಕೊರೆಯುವುದೇ ಇಲ್ಲ, ಆಗ ಅಂಗಡಿಯವರು ಹೇಳುವ ಖರ್ಚಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಕೃಷಿ ವಿಜ್ಞಾನ ಕೇಂದ್ರಗಳು ಬ್ರಷ್ ಕಟ್ಟರ್ ತರಬೇತಿಯಲ್ಲಿ ಅರ್ಧ ದಿನವನ್ನಾದರೂ ಹಳೆಯ, ತುಕ್ಕು ಹಿಡಿದ ಯಂತ್ರಗಳನ್ನು ಬಿಚ್ಚುವುದಕ್ಕೆ ಮೀಸಲಿಡಬೇಕು. ಸಹಾಯಧನದ ಯಂತ್ರದೊಂದಿಗೆ ಅದಕ್ಕೆ ಸರಿಹೊಂದುವ ಎಲ್ಲ ಅಳತೆಯ ಕೀಗಳನ್ನೂ ಕೊಡುವುದನ್ನು ಮತ್ತು ಬೋಲ್ಟುಗಳನ್ನು ಬಿಡಿಯಾಗಿ ಮಾರುವುದನ್ನು ಇಲಾಖೆಯು ಮಾರಾಟಗಾರರಿಗೆ ಕಡ್ಡಾಯಗೊಳಿಸಬೇಕೆಂದು ಒತ್ತಾಯಿಸುತ್ತೇನೆ.

– ಓರ್ವ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು