ರಕ್ತಪಿಶಾಚಿಯ ಕತೆಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ರಕ್ತಪಿಶಾಚಿಯ ಕಾದಂಬರಿಗಳು ಹದಿಹರೆಯದ ಓದುಗರಲ್ಲಿ ಮೂಢನಂಬಿಕೆ ಬಿತ್ತುತ್ತವೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಹಲವು ವರ್ಷ ಜೀವಶಾಸ್ತ್ರದ ಪಾಠ ಹೇಳಿದ ನನಗೆ ಈ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಶಾಪ, ಮಂತ್ರಗಳನ್ನು ಬದಿಗಿಟ್ಟು, ರಕ್ತದಾಹವನ್ನು ಪರೋಪಜೀವಿಯೊಂದು ಹರಡುವ ಸೋಂಕೆಂದು ಕಲ್ಪಿಸಿ ಬರೆದ ಕಾದಂಬರಿಯನ್ನು ದೆವ್ವದ ಕತೆಗಳ ಸಾಲಿಗೆ ಸೇರಿಸುವುದು ತರವಲ್ಲ. ಲೇಖಕ ತಾನೇ ಹಾಕಿಕೊಂಡ ವಿಜ್ಞಾನದ ಚೌಕಟ್ಟನ್ನು ಕೊನೆಯ ಪುಟದವರೆಗೂ ಪಾಲಿಸಿದ್ದಾನೆಯೇ ಎಂಬುದನ್ನಷ್ಟೇ ಅಲ್ಲಿ ನೋಡಬೇಕು.

ಕಚ್ಚಿಸಿಕೊಂಡವರೆಲ್ಲ ರಕ್ತಪಿಶಾಚಿಗಳಾಗುತ್ತಾರೆ, ಒಬ್ಬೊಬ್ಬನೂ ತಿಂಗಳಿಗೊಬ್ಬರನ್ನು ಕಚ್ಚುತ್ತಾನೆ ಎಂದಿಟ್ಟುಕೊಳ್ಳೋಣ. ಒಂದು ಎರಡಾಗಿ, ಎರಡು ನಾಲ್ಕಾಗಿ, 33ನೆಯ ತಿಂಗಳಿಗೆ ಸಂಖ್ಯೆ 850 ಕೋಟಿಯನ್ನು ದಾಟುತ್ತದೆ. ಅಷ್ಟರಲ್ಲಿ ಕಚ್ಚಲು ಮನುಷ್ಯರೇ ಉಳಿದಿರುವುದಿಲ್ಲ. ಆದ್ದರಿಂದಲೇ ಬಲ್ಲ ಲೇಖಕ ಸೋಂಕಿತರಲ್ಲಿ ಹೆಚ್ಚಿನವರನ್ನು ಬರಿಯ ವಾಹಕರನ್ನಾಗಿ ಉಳಿಸುತ್ತಾನೆ.

ಪರೋಪಜೀವಿ ವರ್ತನೆಯನ್ನೇ ಬದಲಿಸೀತೇ ಎಂದು ಕೇಳುವವರು ಟಾಕ್ಸೊಪ್ಲಾಸ್ಮಾವನ್ನು ಗಮನಿಸಬೇಕು. ಈ ಏಕಕೋಶ ಜೀವಿಯ ಲೈಂಗಿಕ ಸಂತಾನೋತ್ಪತ್ತಿ ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರ ನಡೆಯುತ್ತದೆ; ಇದು ಹೊಕ್ಕ ಇಲಿ ಬೆಕ್ಕಿನ ಮೂತ್ರದ ವಾಸನೆಗೆ ಹೆದರುವುದನ್ನೇ ಬಿಡುತ್ತದೆ. ಇನ್ನು ರೇಬಿಸ್: ನಿದ್ದೆಯಿಲ್ಲದ ರಾತ್ರಿಗಳು, ನೀರು ಕಂಡರೆ ಬಿಗಿಯುವ ಗಂಟಲು, ಕೆರಳಿ ಕಚ್ಚಲು ಹೋಗುವ ಉನ್ಮಾದ, ಆ ಕಡಿತದ ಜೊಲ್ಲಿನಲ್ಲೇ ವೈರಾಣು. ರಕ್ತಪಿಶಾಚಿಯ ಐತಿಹ್ಯಕ್ಕೆ ಈ ರೋಗವೇ ಮೂಲವಿರಬಹುದೆಂದು ಸ್ಪೇನಿನ ನರರೋಗತಜ್ಞ ಹುವಾನ್ ಗೋಮೆಜ್ ಅಲೋನ್ಸೊ 1998ರಲ್ಲಿ ವಾದಿಸಿದ್ದರು.

ನಿಜವಾಗಿಯೂ ರಕ್ತವನ್ನೇ ಉಂಡು ಬದುಕುವ ಬಾವಲಿಯ ಸಂಗತಿ ಇದಕ್ಕಿಂತ ಸ್ವಾರಸ್ಯಕರ. ಅದು ಮಲಗಿದ ದನದ ಚರ್ಮದಲ್ಲಿ ಚಿಕ್ಕ ಗಾಯ ಮಾಡಿ ರಕ್ತವನ್ನು ನೆಕ್ಕುತ್ತದೆ, ಹೀರುವುದಿಲ್ಲ. ಜೊಲ್ಲಿನಲ್ಲಿರುವ ಡ್ರಾಕ್ಯುಲಿನ್ ಎಂಬ ಪ್ರೋಟೀನು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತದ ಬಹುಪಾಲು ನೀರೇ ಆದ್ದರಿಂದ, ಹೊಟ್ಟೆ ಭಾರವಾಗಿ ಹಾರಲಾಗದ ಸ್ಥಿತಿ ಬಾರದಿರಲೆಂದು, ಉಣ್ಣಲು ತೊಡಗಿದ ಕೆಲವೇ ನಿಮಿಷಗಳಲ್ಲಿ ಮೂತ್ರ ಮಾಡಲಾರಂಭಿಸುತ್ತದೆ. ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಅದರ ಜೀವಕ್ಕೇ ಸಂಚಕಾರ. ಆಗ ಜೊತೆಯ ಬಾವಲಿ ತಾನು ಉಂಡದ್ದನ್ನು ಕಕ್ಕಿ ಉಣಿಸುತ್ತದೆ. (ಬಿಳಿಚಿದ ಮುಖದ ಯಾವ ಸುಂದರಾಂಗ ನಾಯಕನಿಗೂ ಲೇಖಕರು ಆ ಮೂತ್ರದ ಅವಸರವನ್ನು ಕೊಟ್ಟದ್ದನ್ನು ನಾನು ಕಂಡಿಲ್ಲ.)

ನನ್ನ ತಕರಾರು ಇರುವುದು ಪೋರ್ಫೈರಿಯಾ ವಿಚಾರದಲ್ಲಿ; ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ದೇಹದಲ್ಲಿ ಸರಿಯಾಗಿ ತಯಾರಾಗದ ಈ ರೋಗದ ಕೆಲವು ಬಗೆಗಳಲ್ಲಿ ಬಿಸಿಲು ತಾಗಿದರೆ ಚರ್ಮದಲ್ಲಿ ಗುಳ್ಳೆಯೇಳುತ್ತದೆ. ಈ ರೋಗ ಬಂದವರೇ ಹಿಂದಿನ ರಕ್ತಪಿಶಾಚಿಗಳಾಗಿದ್ದರೆಂಬ ಊಹೆಯನ್ನು 1985ರಲ್ಲಿ ರಸಾಯನ ವಿಜ್ಞಾನಿ ಡೇವಿಡ್ ಡಾಲ್ಫಿನ್ ಮುಂದಿಟ್ಟರು, ಅದು ನಿಲ್ಲಲಿಲ್ಲ. ಕುಡಿದ ರಕ್ತ ಜಠರ, ಕರುಳುಗಳಲ್ಲಿ ಜೀರ್ಣವಾಗುತ್ತದೆಯೇ ಹೊರತು ರೋಗಕ್ಕೆ ಮದ್ದಾಗುವುದಿಲ್ಲ, ರೋಗಿಗಳಿಗೆ ಅಂಥ ದಾಹವೂ ಇಲ್ಲ. ಬಿಸಿಲಿಗೆ ಸಾಯುವ ರಕ್ತಪಿಶಾಚಿಯಂತೂ ಹಳೆಯ ಜನಪದದ್ದಲ್ಲ, 1922ರ ಮೂಕಿ ಚಿತ್ರದ ಕೊಡುಗೆ. ಹೀಗಿದ್ದರೂ ಆ ಊಹೆಯನ್ನು 'ವೈದ್ಯಕೀಯ ಸತ್ಯ'ವೆಂದು ಅಚ್ಚು ಹಾಕುವ ಕಾದಂಬರಿ, ಬಿಸಿಲಿಗೆ ಚರ್ಮದಲ್ಲಿ ಗುಳ್ಳೆಯೇಳುವ ಬಾಲಕನೊಬ್ಬನಿಗೆ ತರಗತಿಯಲ್ಲಿ ಅಡ್ಡಹೆಸರು ಅಂಟಿಸಬಲ್ಲದು. ವಿಮರ್ಶಕರು ಇಂಥ ಪುಟವನ್ನು ಹೆಸರಿಸಿಯೇ ಬರೆಯಲಿ, ಪ್ರಕಾಶಕರು ಮುಂದಿನ ಮುದ್ರಣದಲ್ಲಿ ತಿದ್ದಲಿ.

ಇತಿ,
ನಿವೃತ್ತ ಜೀವಶಾಸ್ತ್ರ ಅಧ್ಯಾಪಕ