ಈ ಭಾನುವಾರದ ಆಲ್ಬಂ: ‘ದಿ ಮಕರಾಟ ಪ್ರಾಜೆಕ್ಟ್’

ಗೆಳೆಯರೇ, ಈ ವಾರ ಆಸ್ಟ್ರೇಲಿಯಾದ ರಾಕ್ ತಂಡ ಮಿಡ್‌ನೈಟ್ ಆಯಿಲ್ 2020ರಲ್ಲಿ ಹೊರತಂದ ಈ ಆಲ್ಬಂ ಕೇಳೋಣ. ಏಳೇ ಹಾಡುಗಳು, ಜೊತೆಗೆ ಹಾಡಿದವರು ಅಲ್ಲಿನ ಮೂಲನಿವಾಸಿ ಕಲಾವಿದರು. ಮಕರಾಟ ಎಂಬುದು ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಯೊಲ್ಙು ಜನರ ಮಾತು. ಜಗಳದ ನಂತರ ಮತ್ತೆ ಕೂಡಿಬರುವುದು ಎಂದು ಅರ್ಥ.

ಈ ತಂಡಕ್ಕೆ ಇದು ಹೊಸ ಕಾಳಜಿಯೇನಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಇವರು ಮೂಲನಿವಾಸಿಗಳಿಗಾದ ಅನ್ಯಾಯಕ್ಕೆ ಕ್ಷಮೆ ಕೋರಿ ‘ಸಾರಿ’ ಎಂದು ಅಚ್ಚೊತ್ತಿದ ಕಪ್ಪು ಬಟ್ಟೆ ತೊಟ್ಟು ವೇದಿಕೆ ಏರಿದ್ದರು. ಸರ್ಕಾರದ ಬಾಯಿಂದ ಆ ಮಾತು ಬಂದದ್ದು 2008ರಲ್ಲಿ!

‘ಗಾಡಿಗಲ್ ಲ್ಯಾಂಡ್’ ಹಾಡನ್ನು ದಯವಿಟ್ಟು ಎರಡು ಸಲ ಕೇಳಿ. ಸಿಡ್ನಿಯ ನಡುಭಾಗ ನಿಂತಿರುವುದು ಗಾಡಿಗಲ್ ಜನರ ನೆಲದಲ್ಲಿ. ಹಾಡಿನಲ್ಲಿ ಅವರ ನುಡಿಯೂ ಕೇಳಿಸುತ್ತದೆ. ‘ಆಸ್ಟ್ರೇಲಿಯಾ ದಿನ’ದ ತಾರೀಖು ಬದಲಿಸಿ ಎನ್ನುವ ‘ಚೇಂಜ್ ದ ಡೇಟ್’ನಲ್ಲಿ 2017ರಲ್ಲಿ ತೀರಿಕೊಂಡ ಯೊಲ್ಙು ಗಾಯಕ ಗುರುಮುಲ್ ಅವರ ಕಂಠವಿದೆ, ನನಗೆ ಗಂಟಲು ಕಟ್ಟಿತು. ಕೊನೆಯಲ್ಲಿ ಮೂಲನಿವಾಸಿ ಪ್ರತಿನಿಧಿಗಳು 2017ರಲ್ಲಿ ಹೊರಡಿಸಿದ ಉಲೂರು ಹೇಳಿಕೆಯ ವಾಚನವಿದೆ. ಅದು ಕೇಳಿದ್ದ ಸಾಂವಿಧಾನಿಕ ಧ್ವನಿಯನ್ನು, ಅಂದರೆ ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿಗಳ ಮಂಡಳಿಯನ್ನು, 2023ರ ಜನಮತ ತಿರಸ್ಕರಿಸಿತು; ಅದನ್ನು ನೆನಪಿನಲ್ಲಿಟ್ಟುಕೊಂಡೇ ಕೇಳಿ.

ಭಾನುವಾರ ಸಂಜೆ ಏಳಕ್ಕೆ ಮಾತನಾಡೋಣ. ಅಷ್ಟರೊಳಗೆ ನಿಮಗೆ ಹಿಡಿಸಿದ ಒಂದು ಹಾಡಿನ ಹೆಸರನ್ನು ಇಲ್ಲಿ ಬರೆಯಿರಿ.