ಹಾಸಿಗೆಗೊಂದು ಪರದೆ ಕೊಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೆ,

ಗುಣವಾಗುವ ಭರವಸೆಯಿಲ್ಲದೆ ಯಂತ್ರಗಳ ಆಸರೆಯಲ್ಲಷ್ಟೇ ಉಸಿರಾಡುತ್ತಿರುವ ರೋಗಿಗೆ ಘನತೆಯಿಂದ ಸಾಯುವ ಹಕ್ಕಿದೆ ಎಂಬ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ತಮ್ಮ ಇಲಾಖೆ ಸುತ್ತೋಲೆ ಹೊರಡಿಸಿತು. ಅದನ್ನು ಮನಸಾರೆ ಸ್ವಾಗತಿಸಿದವರಲ್ಲಿ ನಾನೂ ಒಬ್ಬಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನಾನು, ಅದೇ ಘನತೆಯ ಪ್ರಶ್ನೆಯನ್ನು ಚಿಕಿತ್ಸೆ ಪಡೆದು, ಗುಣವಾಗಿ, ಮತ್ತೆ ಅದೇ ಊರಿಗೆ ಅದೇ ಜನರ ನಡುವೆ ಬದುಕಲು ಹಿಂತಿರುಗುವ ರೋಗಿಗಳ ಪರವಾಗಿ ತಮ್ಮ ಮುಂದಿಡುತ್ತಿದ್ದೇನೆ.

ತಾಲ್ಲೂಕು ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ, ಯಾರಿಗೂ ಮುಂಚೆ ತಿಳಿಸದೆ, ಒಂದು ಬೆಳಗ್ಗೆ ಕುಳಿತು ನೋಡಬೇಕೆಂದು ಕೋರುತ್ತೇನೆ. ಚೀಟಿ ಹಿಡಿದವರ ಸಾಲು ವೈದ್ಯರ ಮೇಜಿನವರೆಗೂ ಬಂದು ನಿಂತಿರುತ್ತದೆ. ಬಿಳಿ ಸೆರಗಿನ ತೊಂದರೆ ಹೇಳಲು ಬಂದ ಹೆಂಗಸು ಅದನ್ನು ಹಿಂದೆ ನಿಂತ ಊರಿನವರ ಕಿವಿಗೂ ಬೀಳುವಂತೆ ಹೇಳಬೇಕು, ಇಲ್ಲವೇ ಸೊಂಟನೋವು ಎಂದಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಹೋಗಬೇಕು. ಬಹಳ ಮಂದಿ ಎರಡನೆಯದನ್ನೇ ಮಾಡುತ್ತಾರೆ. ಇಸಿಜಿ ತೆಗೆಯುವ ಕೊಠಡಿಗೆ ಚಿಲಕವಿರುವುದಿಲ್ಲ, ಎಕ್ಸ್‌ರೇಗೆಂದು ಕೊಡುವ ಗೌನಿನ ಲಾಡಿ ಕಿತ್ತುಹೋಗಿರುತ್ತದೆ. ವಾರ್ಡಿನಲ್ಲಿ ಮೂತ್ರದ ಕೊಳವೆ (ಕ್ಯಾತಿಟರ್) ಹಾಕುವಾಗ, ಎನಿಮಾ ಕೊಡುವಾಗ, ಬೆಡ್‌ಪ್ಯಾನ್ ಇಡುವಾಗ ಪಕ್ಕದ ಹಾಸಿಗೆಯ ರೋಗಿಯ ಮನೆಯವರು ತಾವಾಗಿಯೇ ಮುಖ ತಿರುಗಿಸಿಕೊಳ್ಳುತ್ತಾರೆ. ಎಷ್ಟೋ ವಾರ್ಡುಗಳಲ್ಲಿ ಪರದೆಯ ಕೆಲಸವನ್ನು ಹೀಗೆ ಅಪರಿಚಿತರ ಸೌಜನ್ಯವೇ ಮಾಡುತ್ತಿದೆ. ಹರ್ನಿಯಾ, ಹೈಡ್ರೋಸಿಲ್, ಮೂಲವ್ಯಾಧಿ ಎಂದು ಬರುವ ಗಂಡಸರನ್ನಂತೂ ಅವರಿಗೆ ನಾಚಿಕೆಯೇ ಇಲ್ಲವೆಂಬಂತೆ ನಡೆಸಿಕೊಳ್ಳಲಾಗುತ್ತದೆ. ಗಂಡಸರ ವಾರ್ಡಿಗೋ ಹೆಂಗಸರ ವಾರ್ಡಿಗೋ ಎಂಬ ಚರ್ಚೆಯನ್ನು ಲಿಂಗತ್ವ ಅಲ್ಪಸಂಖ್ಯಾತರ ಎದುರಿನಲ್ಲೇ, ಎಲ್ಲರಿಗೂ ಕೇಳುವಂತೆ ನಡೆಸುವುದನ್ನೂ ಕಂಡಿದ್ದೇನೆ.

ಹೆರಿಗೆ ಕೊಠಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯೋ ಅತ್ತೆಯೋ ಅಕ್ಕನೋ, ಯಾರಾದರೂ ಒಬ್ಬರು ಹೆಂಗಸು ಬಾಣಂತಿಯಾಗುವವಳ ಪಕ್ಕದಲ್ಲಿರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ತಿಳಿಸಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆ ಕೊಠಡಿಯಲ್ಲಿ ಗೌರವಯುತ ನಡವಳಿಕೆಯನ್ನು ಗುಣಮಟ್ಟದ ಭಾಗವೆಂದೇ ಪರಿಗಣಿಸಿದೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಟೇಬಲ್‌ಗಳು, ನಡುವೆ ಯಾವ ಅಡ್ಡವೂ ಇಲ್ಲ ಎಂದಾಗ, ಒಬ್ಬಳ ತಾಯಿಯನ್ನು ಒಳಗೆ ಬಿಟ್ಟರೆ ಉಳಿದ ಮೂವರ ಮಾನಕ್ಕೆ ಕುಂದು ಎಂಬ ಕಾರಣ ಕೊಟ್ಟು ಯಾರನ್ನೂ ಬಿಡುವುದಿಲ್ಲ. ಆ ಕಾರಣ ಸುಳ್ಳೇನಲ್ಲ. ಹೀಗೆ ನಾಲ್ಕು ಪರದೆಗಳಿಲ್ಲದ ಒಂದೇ ಕೊರತೆಯಿಂದ ಇಡೀ ಆದೇಶವೇ ಬಾಗಿಲ ಹೊರಗೆ ಉಳಿಯುತ್ತದೆ, ಮತ್ತು ಮೊದಲ ಹೆರಿಗೆಯ ಇಪ್ಪತ್ತರ ಹುಡುಗಿ ನೋವಿಗೆ ಕೂಗಿದರೆ ಗದರಿಸುವವರನ್ನು ತಡೆಯಲು ಅವಳ ಕಡೆಯವರು ಯಾರೂ ಹತ್ತಿರವಿರುವುದಿಲ್ಲ. ಆ ಗದರಿಕೆಯ ಮಾತುಗಳನ್ನು ಇಲ್ಲಿ ಬರೆಯಲು ನನ್ನ ಕೈ ಬಾರದು. ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳಿಯಾರು.

ಹಾಗೆಂದು ತಪ್ಪನ್ನೆಲ್ಲ ಸಿಬ್ಬಂದಿಯ ತಲೆಗೆ ಕಟ್ಟುವುದು ನ್ಯಾಯವಾಗದು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಇರುವ ಸಿಸ್ಟರ್ ಪರದೆಗಳನ್ನು ಸರಿಸಿ ಕಟ್ಟಿಬಿಡುವುದಕ್ಕೆ ಕಾರಣವಿದೆ: ಮೂಲೆಯ ಹಾಸಿಗೆಯ ರೋಗಿಗೆ ಉಸಿರು ಕಟ್ಟಿದರೆ ಅದು ತನ್ನ ಮೇಜಿನಿಂದಲೇ ಕಾಣಬೇಕು ಎಂಬ ಭಯ. ಕೊಳೆಯಾದ ಪರದೆ ಸೋಂಕಿನ ಮೂಲವಾಗುತ್ತದೆ, ಒಗೆಸಲು ಕೊಟ್ಟರೆ ಹಿಂತಿರುಗಿ ಬರುವ ಖಾತರಿಯಿಲ್ಲ. ಹೀಗಾಗಿ ಸರ್ಕಾರಿ ಆಸ್ಪತ್ರೆಗಳನ್ನು ಅಳೆಯುವ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡದ ಮೌಲ್ಯಮಾಪನ ತಂಡ ಬರುವ ವಾರ ಉಗ್ರಾಣದಿಂದ ಹೊರಬಂದ ಪರದೆಗಳು ತಂಡ ಹೋದ ಮೇಲೆ ಅಲ್ಲಿಗೇ ಮರಳುವುದುಂಟು. ಆ ಮಾನದಂಡದಲ್ಲಿ ರೋಗಿಯ ಖಾಸಗಿತನ ಮತ್ತು ಘನತೆಗೆ ಪ್ರತ್ಯೇಕ ಅಂಕಗಳಿವೆ. ತಂಡ ಬಂದ ದಿನಕ್ಕೆ ಅಂಕ ಸಿಗುತ್ತದೆ, ವರ್ಷದ ಉಳಿದ ದಿನಗಳಿಗೆ ಯಾರೂ ಹೊಣೆಯಲ್ಲ.

ನಿಯಮಗಳಿಗೇನೂ ಬರವಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಪ್ರಕಟಿಸಿದ ರೋಗಿಗಳ ಹಕ್ಕುಗಳ ಸನ್ನದು, ಪುರುಷ ವೈದ್ಯರು ಮಹಿಳೆಯ ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಹಾಜರಿರಬೇಕೆಂದು ಬಿಡಿಸಿಯೇ ಹೇಳಿದೆ. ನಮ್ಮ ವಿಧಾನಮಂಡಲವೂ 2017ರ ತಿದ್ದುಪಡಿಯ ಮೂಲಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ರೋಗಿಗಳ ಸನ್ನದನ್ನು ಸೇರಿಸಿದೆ. ಹಣ ಕೊಟ್ಟು ಚಿಕಿತ್ಸೆ ಪಡೆಯುವವರ ಪಾಲಿಗೆ ಕಾಯ್ದೆಯ ಬಲವಿರುವ ಇಂಥದೊಂದು ಸನ್ನದಿದೆ. ಆ ಕಾಯ್ದೆಯ ವ್ಯಾಪ್ತಿಗೆ ಸರ್ಕಾರಿ ಆಸ್ಪತ್ರೆಗಳು ಬರುವುದೇ ಇಲ್ಲ. ಉಚಿತ ಚಿಕಿತ್ಸೆಯ ಜೊತೆಗೆ ಮಾನವನ್ನೂ ಕೇಳುವುದು ಅತಿಯಾಸೆ ಎಂಬ ಭಾವನೆ ಅಧಿಕಾರಿಗಳಲ್ಲಿ ಮಾತ್ರವಲ್ಲ, ರೋಗಿಗಳಲ್ಲೂ ಬೇರೂರಿಬಿಟ್ಟಿದೆ, ಮತ್ತು ಅದಕ್ಕೇ ಅವರಿಂದ ದೂರುಗಳು ಬರುವುದಿಲ್ಲ. ದೂರಿನ ಪೆಟ್ಟಿಗೆ ಖಾಲಿಯಿದೆಯೆಂದು ತಮಗೆ ಯಾರಾದರೂ ವರದಿ ಕೊಟ್ಟರೆ ದಯವಿಟ್ಟು ನಂಬಬೇಡಿ.

ಇದರಿಂದ ಆಗುವ ನಷ್ಟ ಬರಿಯ ಮುಜುಗರದಲ್ಲಿ ಮುಗಿಯುವುದಿಲ್ಲ. ಮೂವತ್ತು ದಾಟಿದ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಮಾಡುವುದು ಸರ್ಕಾರದ್ದೇ ಕಾರ್ಯಕ್ರಮ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಕಾಡಿಬೇಡಿ ಕರೆತಂದ ಹೆಂಗಸು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚಿಲಕವಿಲ್ಲದ ಕೋಣೆಯನ್ನು ನೋಡಿ ಹಿಂತಿರುಗಿದರೆ, ಅವಳು ಮತ್ತೆ ಬರುವುದು ರೋಗ ಬಲಿತ ಮೇಲೆ. ಓಣಿಯ ಇನ್ನಷ್ಟು ಹೆಂಗಸರನ್ನೂ ಬೇಡವೆಂದು ತಡೆದಿರುತ್ತಾಳೆ.

ಇನ್ನು ತಮ್ಮ ಪಕ್ಷವೂ ಸೇರಿದಂತೆ ಎಲ್ಲ ಪಕ್ಷಗಳ ಮುಖಂಡರಿಗೆ ಸಂಬಂಧಿಸಿದ ಮಾತು. ನಾಯಕರ ಹುಟ್ಟುಹಬ್ಬ ಬಂತೆಂದರೆ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಹಣ್ಣು, ಬ್ರೆಡ್ಡು, ಹಾಲಿನ ಪೊಟ್ಟಣಗಳೊಂದಿಗೆ ಅಭಿಮಾನಿಗಳು ಬರುತ್ತಾರೆ, ಜೊತೆಗೆ ಕ್ಯಾಮೆರಾ ಬರುತ್ತದೆ. ನಿನ್ನೆ ಹೆತ್ತ ಬಾಣಂತಿ, ಮೂತ್ರದ ಚೀಲ ನೇತಾಡುತ್ತಿರುವ ಮುದುಕ, ಸೆರಗು ಸರಿಪಡಿಸಿಕೊಳ್ಳಲೂ ತ್ರಾಣವಿಲ್ಲದ ಅಜ್ಜಿ, ಇವರೆಲ್ಲ ಎರಡು ಮೂಸಂಬಿಗೆ ಕೈಯೊಡ್ಡಿದ ಚಿತ್ರ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿಯೂ ಅದೇ ಸಂಜೆ ಫೇಸ್‌ಬುಕ್ಕಿನಲ್ಲಿಯೂ ಬರುತ್ತದೆ. ರೋಗಿಯ ಗುರುತು ಸಿಗುವಂಥ ಚಿತ್ರವನ್ನು ಅವರ ಅನುಮತಿಯಿಲ್ಲದೆ ವೈದ್ಯಕೀಯ ನಿಯತಕಾಲಿಕದಲ್ಲಿ ಕೂಡ ಪ್ರಕಟಿಸಬಾರದೆಂದು 2002ರ ವೈದ್ಯರ ವೃತ್ತಿ ನೀತಿ ಸಂಹಿತೆ ವಿಧಿಸುತ್ತದೆ. ವೈದ್ಯನಿಗಿಲ್ಲದ ಈ ಸ್ವಾತಂತ್ರ್ಯ ಹಣ್ಣು ಹಂಚುವವರಿಗೆ ಎಲ್ಲಿಂದ ಬಂತು? ಸಚಿವರ, ಶಾಸಕರ ‘ದಿಢೀರ್ ಭೇಟಿ’ಗಳಲ್ಲಿ ಟಿವಿ ವಾಹಿನಿಗಳ ತಂಡ ಹೆರಿಗೆ ವಾರ್ಡಿನೊಳಗೇ ನುಗ್ಗುವುದನ್ನು ತಡೆಯುವ ಧೈರ್ಯ ಕರ್ತವ್ಯದಲ್ಲಿರುವ ಸಿಸ್ಟರ್‌ಗಾಗಲಿ ಆಡಳಿತ ವೈದ್ಯಾಧಿಕಾರಿಗಾಗಲಿ ಇರುವುದಿಲ್ಲ. ಅದನ್ನು ತಡೆಯಬಲ್ಲವರು ತಾವೊಬ್ಬರೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ‘ರೋಗಿಗಳ ಘನತೆಯನ್ನು ಕಾಪಾಡತಕ್ಕದ್ದು’ ಎಂಬ ಇನ್ನೊಂದು ಸುತ್ತೋಲೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಕಲಮನ್ನು ನೋಡಿ: ಕಡ್ಡಾಯವಾಗಿ ತಲೆ ಬೋಳಿಸುವಂತಿಲ್ಲ, ಬಯಸಿದವರಿಗೆ ತಮ್ಮದೇ ಬಟ್ಟೆ ತೊಡಲು ಬಿಡಬೇಕು, ಸಮವಸ್ತ್ರಕ್ಕೆ ಬಲವಂತ ಮಾಡುವಂತಿಲ್ಲ ಎಂದು ಒಂದೊಂದನ್ನೂ ಹೆಸರಿಸಿ ಹೇಳುತ್ತದೆ. ತಮ್ಮ ಆದೇಶವೂ ಹಾಗೆಯೇ ಚಿಲಕ, ಲಾಡಿ, ಪರದೆಗಳನ್ನು ಹೆಸರಿಸಲಿ. ಪರದೆ ಮತ್ತು ಗೌನುಗಳು ಔಷಧಿಗಳಂತೆ ತಿಂಗಳ ದಾಸ್ತಾನು ಪಟ್ಟಿಯಲ್ಲಿ ಸೇರಲಿ. ಅವುಗಳ ಖರೀದಿಗೂ ಒಗೆತಕ್ಕೂ ಆಸ್ಪತ್ರೆಯ ಮಟ್ಟದಲ್ಲೇ ಇರುವ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಖರ್ಚು ಮಾಡಲು, ಮೇಲಿನವರ ಒಪ್ಪಿಗೆಗೆ ಕಾಯದೆ, ಆಡಳಿತ ವೈದ್ಯಾಧಿಕಾರಿಗೆ ಅಧಿಕಾರ ಕೊಡಿ. ಒಪಿಡಿಯ ಸಾಲು ಕೊಠಡಿಯ ಬಾಗಿಲ ಹೊರಗೆ ನಿಲ್ಲುವಂತೆ ಮಾಡಲು ಒಬ್ಬ ಗ್ರೂಪ್ ಡಿ ನೌಕರರನ್ನು ನೇಮಿಸಿದರೆ ಸಾಕು. ರಾತ್ರಿ ಪಾಳಿಗೆ ಎರಡನೆಯ ಶುಶ್ರೂಷಕಿಯನ್ನು ಕೊಡುವುದು ಖರ್ಚಿನ ವಿಷಯವೆಂದು ಬಲ್ಲೆ, ಆದರೂ ಅದಿಲ್ಲದೆ ಪರದೆಗಳು ಹಾಸಿಗೆಯ ಸುತ್ತ ಎಳೆದೇ ಇರುತ್ತವೆಂದು ನಾನು ಭರವಸೆ ಕೊಡಲಾರೆ.

ಬೋಧನಾ ಆಸ್ಪತ್ರೆಗಳು ತಮ್ಮ ಇಲಾಖೆಗೆ ಸೇರುವುದಿಲ್ಲ. ಒಂದು ಹಾಸಿಗೆಯ ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿಗಳು ನಿಂತು, ರೋಗಿಯ ಹೆಸರನ್ನೂ ಕೇಳದೆ ಬಟ್ಟೆ ಸರಿಸಿ ಕಲಿಯುವ ಪದ್ಧತಿ ಅಲ್ಲಿಯದು. ಕಲಿಯುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಮೊದಲು ಒಪ್ಪಿಗೆ ಕೇಳಲಿ, ಬೇಡವೆಂದ ರೋಗಿಯ ಚಿಕಿತ್ಸೆಗೆ ಯಾವ ಕೊರತೆಯೂ ಆಗದಿರಲಿ. ಈ ಪತ್ರದ ಪ್ರತಿಯನ್ನು ವೈದ್ಯಕೀಯ ಶಿಕ್ಷಣ ಸಚಿವರಿಗೂ ಕಳುಹಿಸುತ್ತಿದ್ದೇನೆ. ಎರಡೂ ಇಲಾಖೆಗಳಿಂದ ಒಂದೇ ಆದೇಶ ಹೊರಟು, ವಾರ್ಡುಗಳೊಳಗೆ ಕ್ಯಾಮೆರಾಗಳಿಗೆ ಪ್ರವೇಶವಿಲ್ಲ ಎಂಬ ಷರತ್ತು ಅದರಲ್ಲಿ ಸೇರಿ, ಅದು ಸಚಿವರ ಭೇಟಿಗಳಿಗೂ ಅನ್ವಯಿಸುತ್ತದೆಂದು ತಮ್ಮ ಸಹಿಯ ಕೆಳಗೇ ಬರೆದಿರಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಆಸ್ಪತ್ರೆಯ ನಿವೃತ್ತ ಶುಶ್ರೂಷಕಿ